ಕಸದ ಜಾಗದಿಂದ ಬಂದ ಮಹಾಪವಿತ್ರಸ್ಥಾನ

ನಮ್ಮ ಮನೆಯಲ್ಲಿ ದೇವರ ವಾಕ್ಯವನ್ನು ಇಟ್ಟಿದ್ದ ಬೀರು ಕಸದ ಜಾಗದಿಂದ ಬಂದದ್ದು. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನನ್ನ ನಾಚಿಕೆ ಬೇರೆಯದು. ಅದನ್ನು ಹೇಳಬೇಕಾದರೆ ಮೊದಲು ಆ ಮನೆಯನ್ನು ತೋರಿಸಬೇಕು.

ಜಪಾನಿನ ಸಗಮಿಹಾರಾದಲ್ಲಿ ಅಪ್ಪನ ಕಂಪನಿ ಕೊಟ್ಟ ಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಬಾಗಿಲು ತೆಗೆದರೆ ಚಪ್ಪಲಿ ಬಿಡುವ ತಗ್ಗು ಜಾಗ, ಒಂದು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಅದರಾಚೆ ತತಾಮಿ ಚಾಪೆ ಹಾಸಿದ ಎರಡು ಕೋಣೆ. ಒಂದರಲ್ಲಿ ಅಪ್ಪ, ಅಮ್ಮ, ನಾನು ಮೂವರೂ ಮಲಗುತ್ತಿದ್ದೆವು. ಬೆಳಿಗ್ಗೆ ಹಾಸಿಗೆ ಮಡಿಸಿ ಗೋಡೆಗೂಡಿಗೆ ತುರುಕಿದರೆ ಅದೇ ಊಟದ ಮನೆ, ಅದೇ ನನ್ನ ಓದಿನ ಮನೆ. ಇನ್ನೊಂದು ಕೋಣೆ ಭಾನುವಾರದ ಪ್ರಾರ್ಥನಾ ಕೂಟಕ್ಕೆ ಮೀಸಲು. ಮೈಸೂರಿನಿಂದ ನಾವು ಬಂದಾಗ ನನಗೆ ಎಂಟು ವರ್ಷ. ಅಪ್ಪ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಸುತ್ತಮುತ್ತ ಕನ್ನಡದಲ್ಲಿ ಪ್ರಾರ್ಥಿಸುವ ಮನೆಗಳು ನಮ್ಮದೂ ಸೇರಿ ಮೂರು. ಚರ್ಚು ದೂರ, ಅಲ್ಲಿನ ಭಾಷೆ ಇನ್ನೂ ದೂರ. ಹಾಗಾಗಿ ನಮ್ಮ ಚಾಪೆಯ ಕೋಣೆಯೇ ಚರ್ಚಾಯಿತು, ಅಪ್ಪನೇ ಬೋಧಕರಾದರು. ಪ್ರಾರ್ಥನೆ ಮುಗಿದ ಮೇಲೆ ಕೋಳಿಸಾರು, ಅನ್ನ, ಕೋಸಿನ ಪಲ್ಯ. ಅಮ್ಮ ಒಗ್ಗರಣೆ ಹಾಕುವಾಗ ಪ್ರತಿವಾರ ಒಂದೇ ಜಗಳ. ಕಿಟಕಿ ತೆರೆದರೆ ಪಕ್ಕದ ಮನೆಯವರು ಕೆಮ್ಮುತ್ತಾರೆಂದು ಅಪ್ಪ, ಮುಚ್ಚಿದರೆ ತಾನು ಕೆಮ್ಮಿ ಸಾಯುತ್ತೇನೆಂದು ಅಮ್ಮ. ಅಮ್ಮನಿಗೆ ಜಪಾನ್ ಕಷ್ಟವಾಯಿತು. ಆದರೆ ಮಲಗುವ ಮೊದಲು ಆ ದಿನದ ಕೃಪೆಗಳನ್ನು ಎಣಿಸದೆ ಕಣ್ಣು ಮುಚ್ಚುತ್ತಿರಲಿಲ್ಲ. ಕೊತ್ತಂಬರಿ ಸೊಪ್ಪು ಸಿಕ್ಕಿತು, ದೇವರಿಗೆ ಸ್ತೋತ್ರ. ಬಟ್ಟೆ ಒಣಗಿತು, ಸ್ತೋತ್ರ. ಇವಳ ಜ್ವರ ಇಳಿಯಿತು, ಸ್ತೋತ್ರ. ಆ ಎಣಿಕೆ ನನಗೂ ಅಂಟಿಕೊಂಡಿದೆ. ಈಗ ಇದೇ ಜಪಾನಿನ ಕಾಶಿವಾ ಎಂಬ ಊರಿನ ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಾನೂ ಎಣಿಸುತ್ತೇನೆ. ಒಂದು ಕಡೆ ಬಂದಾಗ ಮಾತ್ರ ಎಣಿಕೆ ತಪ್ಪುತ್ತದೆ.

ಜಪಾನಿನಲ್ಲಿ ದೊಡ್ಡ ಸಾಮಾನು ಎಸೆಯುವುದಕ್ಕೆ ಬೇರೆಯದೇ ದಿನ. ಹಿಂದಿನ ಸಂಜೆಯೇ ಕಟ್ಟಡದ ಹಿಂದೆ ತಂದಿಟ್ಟಿರುತ್ತಿದ್ದರು. ನಮ್ಮ ಫ್ಯಾನು ಅಲ್ಲಿಂದಲೇ ಬಂತು, ನಾನು ಬರೆಯುವ ಮೇಜು ಅಲ್ಲಿಂದಲೇ. ಹೊಸದಾಗಿ ಬಂದವರೆಲ್ಲ ಹಾಗೆಯೇ ಮನೆ ತುಂಬಿಸಿಕೊಳ್ಳುತ್ತಿದ್ದರು. ನನಗೆ ಹತ್ತು ವರ್ಷವಾಗಿದ್ದ ಶರತ್ಕಾಲದ ಒಂದು ಸಂಜೆ ಅಪ್ಪ ಓಡಿಬಂದು ಅಮ್ಮನನ್ನು ಕೆಳಗೆ ಕರೆದುಕೊಂಡು ಹೋದರು. ಇಬ್ಬರೂ ಏದುಸಿರು ಬಿಡುತ್ತ, ಮೆಟ್ಟಿಲು ಮೆಟ್ಟಿಲಿಗೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಆಳೆತ್ತರಕ್ಕಿಂತ ಸ್ವಲ್ಪ ಗಿಡ್ಡನೆಯ ಕಪ್ಪು ಬೀರು ಹೊತ್ತು ತಂದರು.

“ರೀ, ಇದನ್ನ ಎಲ್ಲಿ ಇಡ್ತೀರ? ನನ್ನ ತಲೆ ಮೇಲಾ?”

“ಮೊದಲು ತೆರೆದು ನೋಡು ಸರೋಜ, ಆಮೇಲೆ ಮಾತಾಡು.”

ಕಪ್ಪು ಮೆರುಗಿನ ಎರಡು ಬಾಗಿಲು. ಅದರೊಳಗೆ ಮಡಿಚಿಕೊಳ್ಳುವ ಜಾಲರಿಯ ಇನ್ನೆರಡು ಬಾಗಿಲು. ಅದನ್ನೂ ಸರಿಸಿದರೆ ಒಳಗೆಲ್ಲ ಚಿನ್ನದ ಬಣ್ಣ: ಗೋಡೆ, ಚಾವಣಿ, ಪುಟಾಣಿ ಕಂಬಗಳು, ಎಲ್ಲ. ಅದು ಖಾಲಿಯಾಗಿತ್ತು. ಅಪ್ಪ ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದರು. ಆ ತಿಂಗಳಿಡೀ ಅವರು ಕೂಟದಲ್ಲಿ ಮೋಶೆಯ ಕಾಲದ ದೇವದರ್ಶನದ ಗುಡಾರದ ಬಗ್ಗೆ ಹೇಳುತ್ತಿದ್ದರು. ಜನ ಗುಡಾರಗಳಲ್ಲಿ ವಾಸಿಸುತ್ತ ಮರಳುಗಾಡು ದಾಟುತ್ತಿದ್ದಾಗ, ದೇವರು ನನಗೂ ಒಂದು ಗುಡಾರ ಹಾಕಿ, ನಿಮ್ಮ ನಡುವೆ ಇರುತ್ತೇನೆ ಎಂದದ್ದು. ಅದರ ಒಳಕೋಣೆಯೇ ಮಹಾಪವಿತ್ರಸ್ಥಾನ. ಉದ್ದ ಹತ್ತು ಮೊಳ, ಅಗಲ ಹತ್ತು, ಎತ್ತರ ಹತ್ತು. ಗೋಡೆಯ ಹಲಗೆಗಳು ಮರದವು, ಮೇಲೆ ಚಿನ್ನದ ತಗಡು.

“ಮರದ ಮೇಲೆ ಚಿನ್ನ!” ಎಂದರು ಅಪ್ಪ. “ಯಾರೋ ಎಸೆದಿದ್ದಾರೆ. ದೇವರು ನಮಗೆ ಕೊಟ್ಟಿದ್ದಾನೆ.”

ಮರುವಾರದ ಕೂಟದ ಹೊತ್ತಿಗೆ ಬೀರು ಚಾಪೆಯ ಕೋಣೆಯ ಗೋಡೆಗೆ ಒರಗಿ ನಿಂತಿತ್ತು, ಒಳಗೆ ಅಪ್ಪನ ತಂದೆಯಿಂದ ಬಂದ ದೊಡ್ಡ ವೇದಪುಸ್ತಕ, ಎಂದರೆ ಬೈಬಲ್. ಅಮ್ಮನ ನೇರಳೆ ಬಣ್ಣದ ಹಳೆಯ ಸೀರೆಗೆ ನೀಲಿ, ಕೆಂಪು ಅಂಚು ಹೊಲಿದು ಮುಂದೆ ತೆರೆ ಕಟ್ಟಿದ್ದರು. ಮಕ್ಕಳಾದ ನಮಗೆ ಅರ್ಥವಾಗಲೆಂದು ಅಪ್ಪ ಅದನ್ನೇ ಮುಂದಿಟ್ಟುಕೊಂಡು ಪಾಠ ಹೇಳಿದರು. ತೆರೆಯ ಈಚೆಗೆ ದೀಪಸ್ತಂಭ, ರೊಟ್ಟಿಯ ಮೇಜು, ಧೂಪದ ಪೀಠ. ಆಚೆಗೆ ದೀಪವಿಲ್ಲ, ಕಿಟಕಿಯಿಲ್ಲ. ಒಂದು ಮಂಜೂಷ, ಎಂದರೆ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಕೃಪಾಸನವೆಂದು ಹೆಸರು. ಎರಡು ಕೊನೆಗಳಲ್ಲಿ ರೆಕ್ಕೆ ಚಾಚಿದ ಕೆರೂಬಿಗಳೆಂಬ ದೇವದೂತರು, ಎದುರುಬದುರು, ನಡುವೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆಯಿಂದಲೇ ದೇವರು ಮಾತಾಡುತ್ತಿದ್ದದ್ದು. ಒಳಗೆ ಹೋಗುವವನು ಒಬ್ಬನೇ, ಮಹಾಯಾಜಕ, ವರ್ಷಕ್ಕೊಂದು ದಿನ. ಆ ದಿನ ಅವನು ಗೆಜ್ಜೆ, ಚಿನ್ನ, ರತ್ನಗಳ ಉಡುಪನ್ನೆಲ್ಲ ತೆಗೆದಿಟ್ಟು ಬರೀ ನಾರುಮಡಿ ಉಟ್ಟು ಹೋಗಬೇಕು. ಜನರ ಪಾಪಕ್ಕೆ ಕ್ಷಮೆ ಕೇಳುವ ಮೊದಲು ತನ್ನ ಮತ್ತು ತನ್ನ ಮನೆಯವರ ಪಾಪಕ್ಕೆ ಕೇಳಬೇಕು.

ಅಪ್ಪ ಒಂದು ಕಟ್ಟಳೆ ಮಾಡಿದರು. ತೆರೆ ಸರಿಸಿ ಬಾಗಿಲು ತೆಗೆಯುವವರು ಅವರೊಬ್ಬರೇ, ಭಾನುವಾರ ಮಾತ್ರ. ಪಾಠವಾಗಿ ಶುರುವಾದದ್ದು ನಮ್ಮ ಮನೆಯ ನಿಯಮವಾಯಿತು.

“ಯಾರೂ ಮುಟ್ಟಬಾರದು ಅಂದ್ರೆ ಧೂಳು ಯಾರು ಒರೆಸ್ತಾರೆ? ದೇವದೂತರು ಬರ್ತಾರಾ?” ಎಂದು ಅಮ್ಮ ಕೇಳಿದಳು.

“ಹೊರಗಡೆ ಒರೆಸು.”

“ಹೂಂ. ಹೊರಗಡೆ ನಾನು, ಒಳಗಡೆ ನೀವು.”

ಆದರೆ ಆ ಪಾಠದ ಸಾರ ಅಪ್ಪನಿಗಿಂತ ಚೆನ್ನಾಗಿ ತಿಳಿದದ್ದು ಅಮ್ಮನಿಗೇ ಅನ್ನಿಸುತ್ತದೆ. ಅಕ್ಕಿ ಆರಿಸುತ್ತ ಒಂದು ದಿನ ಅಂದಳು:

“ಅಷ್ಟು ದೊಡ್ಡ ದೇವರು, ಹತ್ತು ಮೊಳದ ರೂಮು ಸಾಕು ನನಗೆ, ನಿಮ್ಮ ಜೊತೆ ಇದ್ರೆ ಆಯ್ತು ಅಂದನಲ್ಲ. ಈ ಎರಡು ರೂಮಿನ ಮನೆಗೆ ನಾನ್ಯಾಕೆ ಗೊಣಗಲಿ ಹೇಳು.”

ನಾನು ಕಲಿತದ್ದು ಅದನ್ನಲ್ಲ. ತೆರೆಯನ್ನು ಕಲಿತೆ, ಯಾರು ಒಳಗೆ ಬರಬಾರದು ಎನ್ನುವುದನ್ನು ಕಲಿತೆ. ನನ್ನ ಅಪ್ಪ ಮಹಾಯಾಜಕ, ನಾನು ಅವರ ಮಗಳು. ಶಾಲೆಯಲ್ಲಿ ಎಲ್ಲರಿಗಿಂತ ಕಪ್ಪಗಿದ್ದ, ಊಟದ ಡಬ್ಬಿ ತೆರೆದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದ ಹುಡುಗಿಗೆ ಅದು ಸಣ್ಣ ಹೆಮ್ಮೆಯಾಗಿರಲಿಲ್ಲ.

ಆ ಹೆಮ್ಮೆ ಎರಡು ವಾರವೂ ಬಾಳಲಿಲ್ಲ. ನನ್ನ ಜೊತೆ ಮಾತಾಡುತ್ತಿದ್ದ ಒಬ್ಬಳೇ ಗೆಳತಿ ಎಮಿ. ಅವಳ ಮನೆಗೆ ಹೋದಾಗ ಒಳಕೋಣೆಯಲ್ಲಿ ನಮ್ಮ ಬೀರಿನಂಥದೇ ಬೀರು ನಿಂತಿತ್ತು. ಅದೇ ಕಪ್ಪು ಬಾಗಿಲು, ಅದೇ ಚಿನ್ನದ ಒಳಗು. ಒಳಗೆ ಹೆಸರು ಬರೆದ ಚಿಕ್ಕ ಹಲಗೆ, ಮುಂದೆ ಒಬ್ಬ ಅಜ್ಜನ ಫೋಟೋ, ಬಟ್ಟಲಲ್ಲಿ ಬಿಸಿ ಅನ್ನ, ಉರಿಯುತ್ತಿದ್ದ ಊದುಬತ್ತಿ. ಎಮಿ ಗಂಟೆ ಬಾರಿಸಿ ಕೈಮುಗಿದಳು. ಇದೇನೆಂದು ಕೇಳಿದೆ. ಬುತ್ಸುದಾನ್, ಅಂದಳು. ತೀರಿಕೊಂಡವರನ್ನು ಮನೆಯಲ್ಲಿ ಇಟ್ಟುಕೊಂಡು ದಿನವೂ ಕೈಮುಗಿಯುವ ಗೂಡು. ನಿಮ್ಮ ಮನೆಯಲ್ಲಿ ಇಲ್ಲವಾ ಎಂದು ಕೇಳಿದಳು. ಇಲ್ಲ ಅಂದೆ. ಅದೇ ನನ್ನ ಮೊದಲ ಸುಳ್ಳು.

ಮನೆಗೆ ಬಂದು ಅಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಸತ್ತವರ ಗೂಡಿನಲ್ಲಿ ವೇದಪುಸ್ತಕ ಇಟ್ಟು ಇಡೀ ಕೂಟದ ಮುಂದೆ ಮಹಾಪವಿತ್ರಸ್ಥಾನವೆಂದು ತೋರಿಸಿದ್ದಾರೆ, ಗೊತ್ತಾದರೆ ಅಪ್ಪ ಆ ಗೂಡನ್ನು ಒಡೆದುಹಾಕಬಹುದು, ಅಥವಾ ಅವರೇ ಒಡೆದುಹೋಗಬಹುದು ಎಂದು ಹೆದರಿದೆ. ಇಷ್ಟೇ ಆಗಿದ್ದರೆ ತಂದೆಯ ಮೇಲಿನ ಪ್ರೀತಿ ಎಂದುಕೊಳ್ಳಬಹುದಿತ್ತು. ಇನ್ನೊಂದೂ ಇತ್ತು. ಯಾರೋ ಎಸೆದ ದೇವರಗೂಡನ್ನು ನಾವು ಹೊತ್ತು ತಂದೆವೆಂದು ಎಮಿಗೆ, ತರಗತಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಿದ್ದೆ, ಬಾಗಿಲ ಗಂಟೆ ಸದ್ದು ಮಾಡಿತು. ಅಮ್ಮನ ಕೈ ಹಿಟ್ಟಾಗಿತ್ತು, ನಾನು ತೆಗೆದೆ. ಕೋಲೂರಿಕೊಂಡ ಒಬ್ಬ ಅಜ್ಜಿ. ಮೂರು ಮಹಡಿ ಹತ್ತಿದ್ದಕ್ಕೆ ಉಸಿರು ಮೇಲೆ ಕೆಳಗೆ. ಎದುರಿನ ಕಟ್ಟಡದ ನೆಲಮಹಡಿಯ ಮೊರಿತಾ ಸಾನ್, ಎಂದರೆ ಮೊರಿತಾ ಅವರು. ತೊಂದರೆ ಕೊಡುತ್ತಿದ್ದೇನೆ, ಸುಮಿಮಾಸೆನ್, ಎಂದು ನಾಲ್ಕು ಸಲ ಹೇಳಿ ಮಾತು ಶುರುಮಾಡಿದರು. ಸೊಂಟದ ಮೂಳೆ ಮುರಿದು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರಂತೆ. ಆಗ ಮಗ ಬಂದು ಮನೆ ಚೊಕ್ಕಟ ಮಾಡಿದ್ದಾನೆ. ದೇವಸ್ಥಾನದವರನ್ನು ಕರೆಸಿ ವಿಧಿ ಮುಗಿಸಿ, ಹೆಸರಿನ ಹಲಗೆಯನ್ನು ಅವರಿಗೆ ಒಪ್ಪಿಸಿ, ಗೂಡನ್ನು ಹೊರಗಿಟ್ಟಿದ್ದಾನೆ. ಅದನ್ನು ನಿಮ್ಮ ತಂದೆಯವರು ಒಯ್ದರೆಂದು ಯಾರೋ ಹೇಳಿದರು ಎಂದರು.

“ಮಗನದು ತಪ್ಪಲ್ಲ. ಶಾಸ್ತ್ರದ ಪ್ರಕಾರ ಅದು ಈಗ ಬರೀ ಪೆಟ್ಟಿಗೆ. ಆದರೆ ನಮ್ಮೆಜಮಾನರು ಹೋದಮೇಲೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ಮಾತಾಡಿದ್ದೇನೆ. ಆ ಗೂಡಿಗೆ ಒಂದು ಮಾತೂ ಹೇಳದೆ ಆಸ್ಪತ್ರೆಗೆ ಹೋಗಿಬಿಟ್ಟೆ. ವಾಪಸ್ ಬೇಡಮ್ಮ. ಒಂದು ಸಲ ಎದುರಿಗೆ ಕೂರಬಹುದಾ?”

ಅವರು ನಿಂತಲ್ಲಿಂದ ಹತ್ತು ಹೆಜ್ಜೆಗೆ ಆ ಗೂಡಿತ್ತು, ತೆರೆಯ ಹಿಂದೆ. ನಾನು ಬಾಗಿಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅಪ್ಪ ಬೇಡ ಅಂತಾರೆ, ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ, ಅಂದೆ. ಅಪ್ಪನಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಮೊರಿತಾ ಸಾನ್ ತಲೆಬಾಗಿದರು. ಸರಿ, ಸರಿ, ಅಂದರು.

ಅಮ್ಮ ಕೈ ಒರೆಸಿಕೊಂಡು ಬಂದಳು. “ಏನಂತೆ ಶೀಲಾ?”

“ಕಸ ಹಾಕೋ ದಿನ ಬದಲಾಗಿದೆಯಂತೆ. ಗುರುವಾರ ಅಂತೆ.”

“ಅಯ್ಯೋ ಪಾಪ, ಅಷ್ಟಕ್ಕೆ ಮೂರು ಮಹಡಿ ಹತ್ತಿ ಬಂದ್ರಾ!” ಅಮ್ಮ ತನಗೆ ಬರುತ್ತಿದ್ದ ಎರಡೇ ಜಪಾನಿ ಮಾತುಗಳನ್ನು, ಕ್ಷಮಿಸಿ ಮತ್ತು ಧನ್ಯವಾದ, ಒಟ್ಟಿಗೆ ಉಪಯೋಗಿಸಿದಳು. “ಸುಮಿಮಾಸೆನ್, ಅರಿಗಾತೋ!”

ಗುರುವಾರ ಅಮ್ಮ ನಿಷ್ಠೆಯಿಂದ ಕಸ ಹಾಕಿ, ಕಟ್ಟಡದ ಉಸ್ತುವಾರಿಯವನಿಂದ ಎಲ್ಲರೆದುರು ಬೈಸಿಕೊಂಡಳು. ಕಸದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ತಂದು, “ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ” ಎಂದಳು. ನಾನು ಹೋಂವರ್ಕ್ ಮಾಡುತ್ತಿದ್ದೆ. ತಲೆ ಎತ್ತಲಿಲ್ಲ.

ಒಂದು ವಾರ ಬಿಟ್ಟು ಮೊರಿತಾ ಸಾನ್ ಮತ್ತೆ ಬಂದರು. ಈ ಸಲ ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ. ನಿಮ್ಮ ತಂದೆಯವರನ್ನು ಇನ್ನೊಮ್ಮೆ ಕೇಳಿದೆಯಾ ಎಂದರು. ಕೇಳಿದೆ, ಬೇಡವೆಂದರು, ಅಂದೆ. ಹಣ್ಣು ಕೊಟ್ಟೇ ಇಳಿದುಹೋದರು. ನೆರೆಮನೆಯವರ ಉಡುಗೊರೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಆ ರಾತ್ರಿಯ ಎಣಿಕೆಯಲ್ಲಿ ಅದನ್ನೂ ಸೇರಿಸಿದಳು. ಪರದೇಶದಲ್ಲಿ ಹಣ್ಣು ತಂದುಕೊಡುವ ಒಂದು ಜೀವ ಇದೆ, ಸ್ತೋತ್ರ. ನಾನು ಆಮೆನ್ ಅಂದೆ. ಇವತ್ತಿಗೂ ನನ್ನ ಎಣಿಕೆ ತಪ್ಪುವುದು ಆ ಆಮೆನ್ ಹತ್ತಿರವೇ.

ಮೂರನೆಯ ಸಲ ಅವರು ಬಂದಾಗ ನಾನು ಶಾಲೆಯಲ್ಲಿದ್ದೆ. ಮನೆಗೆ ಬಂದಾಗ ಚಪ್ಪಲಿ ಬಿಡುವ ಜಾಗದಲ್ಲಿ ಬೂದು ಬಣ್ಣದ ಪುಟ್ಟ ಷೂಗಳು, ಬಾಗಿಲ ಕಡೆ ಮುಖ ಮಾಡಿ ಜೋಡಿಸಿಟ್ಟಿದ್ದವು. ಚಾಪೆಯ ಕೋಣೆಯಲ್ಲಿ ತೆರೆ ಪಕ್ಕಕ್ಕೆ ಸರಿದಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ನೋಯುವ ಸೊಂಟಕ್ಕೆ ಅಮ್ಮನ ದಿಂಬು ಒತ್ತಿಟ್ಟುಕೊಂಡು ಮೊರಿತಾ ಸಾನ್ ಕಣ್ಣುಮುಚ್ಚಿ ಕೈಜೋಡಿಸಿ ಕೂತಿದ್ದರು. ಕೆನ್ನೆ ಒದ್ದೆ. ಪಕ್ಕದಲ್ಲಿ ಅಮ್ಮ, ತಲೆಯ ಮೇಲೆ ಸೆರಗು ಹೊದ್ದು, ತನ್ನ ಪ್ರಾರ್ಥನೆ ತಾನು ಮಾಡಿಕೊಳ್ಳುತ್ತಿದ್ದಳು.

“ಅಮ್ಮ! ಅಪ್ಪ ಬೈತಾರೆ!”

“ಬೈಲಿ,” ಅಂದಳು ಅಮ್ಮ ಮೆಲ್ಲಗೆ. “ಬಂದು ಈ ಕಡೆ ಕೈ ತೋರಿಸಿದ್ರು. ಕಣ್ಣಲ್ಲಿ ನೀರು. ಪ್ರಾರ್ಥನೆ ಮಾಡಬೇಕೇನೋ ಅಂತ ತೆರೆದೆ. ಅಳೋರನ್ನ ಬಾಗಿಲಲ್ಲಿ ನಿಲ್ಲಿಸಿ, ನಮ್ಮೆಜಮಾನ್ರು ಬರಲಿ, ಭಾನುವಾರ ಆಗಲಿ ಅನ್ನೋಕಾಗುತ್ತಾ? ಯಾರಿಗೋಸ್ಕರ ಅಳ್ತಿದ್ದಾರೆ ಕೇಳು, ಹೆಸರು ಹೇಳಿದ್ರೆ ನಾನೂ ಪ್ರಾರ್ಥಿಸ್ತೀನಿ.”

ಕೇಳಬೇಕಾಯಿತು, ಹೇಳಬೇಕಾಯಿತು. ಇದು ಅವರ ಯಜಮಾನರ ಗೂಡು, ಸತ್ತವರನ್ನು ನೆನೆಯುವ ಗೂಡು ಎಂದೆ. ಅಮ್ಮ ಒಮ್ಮೆ ಬೀರನ್ನು, ಒಮ್ಮೆ ಒಳಗಿದ್ದ ಪುಸ್ತಕವನ್ನು ನೋಡಿದಳು. ನನ್ನ ಕಡೆ ತಿರುಗಿದಳು.

“ಇವರು ಮುಂಚೆ ಬಂದಾಗ ಇದನ್ನ ಹೇಳಿರಲಿಲ್ವಾ?”

“ಇಲ್ಲ.”

ಸಂಜೆ ಅಪ್ಪ ಬಂದು ಊಟ ಮುಗಿಸುವವರೆಗೂ ಅಮ್ಮ ಕಾದಳು. ಆಮೇಲೆ ಎಲ್ಲ ಹೇಳಿದಳು. ಅಪ್ಪ ಎದ್ದು ಕೂಗಾಡುತ್ತಾರೆಂದು ನಾನು ಗೋಡೆಗೆ ಅಂಟಿಕೊಂಡೆ. ಅವರು ಎದ್ದರು, ಚಾಪೆಯ ಕೋಣೆಗೆ ಹೋದರು, ವೇದಪುಸ್ತಕವನ್ನು ತಂದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲಿನ ಹಲಗೆಯಲ್ಲಿಟ್ಟರು. ಅಷ್ಟೇ.

“ಇನ್ನೊಬ್ಬರ ದುಃಖದೊಳಗೆ ಪುಸ್ತಕ ಇಟ್ಟುಕೊಂಡು ಪಾಠ ಹೇಳಿದೆ ನೋಡು ಸರೋಜ,” ಎಂದರು. “ಶನಿವಾರ ಹೋಗಿ ಕ್ಷಮೆ ಕೇಳ್ತೀನಿ. ಶೀಲಾ ಬರ್ತಾಳೆ, ಮಾತಿಗೆ.”

ಶನಿವಾರ ಬೆಳಿಗ್ಗೆ ಅಮ್ಮ ಕೋಟು ಇಸ್ತ್ರಿ ಮಾಡಿಟ್ಟಿದ್ದಳು. ಅಪ್ಪ ಕೋಟು ಬೇಡ ಅಂದರು. ಬಿಳಿಯ ಹತ್ತಿ ಅಂಗಿ ಹಾಕಿಕೊಂಡು, ಸಿಹಿತಿಂಡಿಯ ಡಬ್ಬಿ ಹಿಡಿದು, ನನ್ನ ಕೈ ಹಿಡಿದು ಇಳಿದರು. ಮೊರಿತಾ ಸಾನ್ ಬಾಗಿಲು ತೆಗೆದರು. ಅವರ ಮನೆಯ ಒಳಕೋಣೆಯಲ್ಲಿ ಗೂಡು ನಿಂತಿದ್ದ ಜಾಗ ಬಾಗಿಲಿಂದಲೇ ಕಾಣುತ್ತಿತ್ತು. ಅಲ್ಲಿ ಮಾತ್ರ ಚಾಪೆಯ ಬಣ್ಣ ಇನ್ನೂ ಹಸುರಾಗಿತ್ತು.

“ನಮಗೆ ಗೊತ್ತಿರಲಿಲ್ಲ ಅಂತ ಹೇಳಮ್ಮ. ಗೂಡನ್ನ ಇವತ್ತೇ ತಂದುಕೊಡ್ತೀನಿ ಅನ್ನು.”

ಹೇಳಿದೆ. ಮೊರಿತಾ ಸಾನ್ ಗಾಬರಿಯಿಂದ ಕೈಯಾಡಿಸಿದರು. ಬೇಡ, ವಸಂತಕ್ಕೆ ಮಗ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನೆ, ಅಲ್ಲಿ ಜಾಗವಿಲ್ಲ. ಅಲ್ಲಿಯವರೆಗೆ ತಿಂಗಳಿಗೊಮ್ಮೆ, ಯಜಮಾನರು ತೀರಿಕೊಂಡ ತಾರೀಕಿಗೆ ಬಂದು ಕೂತರೆ ಸಾಕು. ಅಪ್ಪ ಕೂಡಲೇ ಒಪ್ಪಿ ತಲೆಯಾಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಅಜ್ಜಿ ನನ್ನ ಮುಖ ನೋಡಿ ಜಪಾನಿಯಲ್ಲಿ ಕೇಳಿದರು, ಕೋಪವಿಲ್ಲದೆ, ಮಗುವಿನ ಕುತೂಹಲದಿಂದ: ಎರಡು ಸಲ ಬೇಡವೆಂದ ನಿಮ್ಮ ತಂದೆ ಈಗ ಇಷ್ಟು ಒಳ್ಳೆಯ ಮಾತಾಡುತ್ತಿದ್ದಾರಲ್ಲ, ಆಗ ನಿಜವಾಗಿಯೂ ಬೇಡವೆಂದಿದ್ದರಾ?

ನನಗೆ ದೇವರು ಬಾಗಿಲು ತೆರೆದುಕೊಟ್ಟ ಗಳಿಗೆ ಅದು. ಅಪ್ಪ ಪಕ್ಕದಲ್ಲೇ ಇದ್ದರು, ಜಪಾನಿ ಬಾರದವರು. ನಾನು ನೆಲ ನೋಡುತ್ತ ಬೇಗ ಬೇಗ ಅಂದೆ: ಹೌದು, ಒತೋಸಾನ್ ದಾಮೆ ಅಂದಿದ್ದರು. ಒತೋಸಾನ್ ಎಂದರೆ ಅಪ್ಪ. ದಾಮೆ ಎಂದರೆ ಕೂಡದು.

“ಏನು ಕೇಳಿದ್ರು?” ಎಂದರು ಅಪ್ಪ.

“ಏನಿಲ್ಲ. ಪರವಾಗಿಲ್ಲ ಅಂದ್ರು.”

ಅಪ್ಪ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಎರಡೂ ಕೈ ತೊಡೆಗೆ ಅಂಟಿಸಿ, ಕಾರ್ಖಾನೆಯಲ್ಲಿ ಕಲಿಸಿದ್ದಂತೆ ಸೊಂಟದಿಂದ ಬಾಗಿದರು. “ಗೊಮೆನ್ನಸಾಯ್,” ಎಂದು ತಾವೇ ಕ್ಷಮೆ ಕೇಳಿದರು. ಬಾಗಿದ ಬೆನ್ನು ಎತ್ತಲೇ ಇಲ್ಲ. ಮೊರಿತಾ ಸಾನ್ ಕೋಲು ಗೋಡೆಗೊರಗಿಸಿ ತಾವೂ ಬಾಗಿದರು. ಇಬ್ಬರ ಬೆನ್ನುಗಳ ನಡುವೆ ನಾನು ನೆಟ್ಟಗೆ ನಿಂತಿದ್ದೆ. ಅಪ್ಪನ ಬಿಳಿ ಅಂಗಿ ಬೆನ್ನಿನಲ್ಲಿ ಬೆವರಿ ಅಂಟಿತ್ತು. ತಾನು ಮಾಡದ ತಪ್ಪಿಗೆ, ಅದು ತನ್ನ ತಲೆಗೆ ಬಂದದ್ದೂ ತಿಳಿಯದೆ ಅಪ್ಪ ಬಾಗಿದ್ದಾರೆ ಎಂದು ನಾನು ಅಂದುಕೊಂಡೆ.

ಮರುದಿನ ಕೂಟದಲ್ಲಿ ತೆರೆ ಇರಲಿಲ್ಲ. ಅಮ್ಮ ಅದನ್ನು ಬಿಚ್ಚಿ ಮತ್ತೆ ಸೀರೆ ಮಾಡಿಕೊಂಡಿದ್ದಳು. ಅಪ್ಪ ಎದ್ದುನಿಂತು ಎಲ್ಲ ಹೇಳಿದರು. ಮಹಾಪವಿತ್ರಸ್ಥಾನದ ತೆರೆಯನ್ನು ದೇವರು ಕೊನೆಗೆ, ಶಿಲುಬೆಯ ದಿನ, ಮೇಲಿಂದ ಕೆಳಕ್ಕೆ ಹರಿದ, ಎಲ್ಲರೂ ಒಳಗೆ ಬರಲೆಂದು ಹರಿದ. ನಾವು ಅದನ್ನು ಹೊಲಿದು ಮತ್ತೆ ಕಟ್ಟಿದೆವು. ಯಾಜಕ ಮೊದಲು ತನ್ನ ಮನೆಯ ಪಾಪ ಹೇಳಬೇಕು, ಆದ್ದರಿಂದ ಹೇಳುತ್ತಿದ್ದೇನೆ, ಎಂದರು. ಡೇವಿಡ್ ಅಂಕಲ್ ಎಂದು ನಾನು ಕರೆಯುತ್ತಿದ್ದ, ಕೂಟದ ಇನ್ನೊಂದು ಮನೆಯ ಯಜಮಾನರಿಗೆ ಸಮಾಧಾನವಾಗಲಿಲ್ಲ.

“ಬ್ರದರ್, ಆ ಅಜ್ಜಿ ಇಲ್ಲೇ ಬಂದು ಕೈಮುಗಿತಾರೆ ಅಂದ್ರೆ, ಪ್ರಾರ್ಥನಾ ಮನೇನ ಅನ್ಯರ ಪೂಜೆಗೆ ಬಿಟ್ಟುಕೊಟ್ಟ ಹಾಗಲ್ವಾ?”

“ಅವರ ಪೆಟ್ಟಿಗೆಯನ್ನ ಅವರಿಗೆ ಬಿಟ್ಟಿದ್ದೀನಿ. ನನ್ನ ಪುಸ್ತಕ ಅಡುಗೆಮನೇಲಿದೆ ಬ್ರದರ್, ಅಲ್ಲೇ ಜಾಸ್ತಿ ಓದಿಸಿಕೊಳ್ತಿದೆ.”

ಆ ಕುಟುಂಬ ಎರಡು ತಿಂಗಳು ಬರಲಿಲ್ಲ. ಅಮ್ಮ ಕೋಳಿಸಾರಿನ ಪಾತ್ರೆ ಚಿಕ್ಕದು ಮಾಡಿದಳು.

ಮೊರಿತಾ ಸಾನ್ ಐದು ಸಲ ಬಂದರು. ಬರುವ ದಿನ ಅಮ್ಮ ಗೂಡಿನ ಒಳಗೂ ಹೊರಗೂ ಒರೆಸಿಡುತ್ತಿದ್ದಳು. ಅವರು ಗಂಡನೊಡನೆ ಮಾತಾಡುವಷ್ಟು ಹೊತ್ತು ನಾವು ಅಡುಗೆಮನೆಯಲ್ಲಿರುತ್ತಿದ್ದೆವು. ಆಮೇಲೆ ಚಹಾ, ಚಕ್ಕುಲಿ. ಚಕ್ಕುಲಿ ಗಟ್ಟಿಯಾದರೆ ಚಹಾದಲ್ಲಿ ಅದ್ದಿ ತಿನ್ನುವುದನ್ನು ಅಮ್ಮ ಕಲಿಸಿದಳು, ಕಿತ್ತಳೆಯ ಸಿಪ್ಪೆಯನ್ನು ಹೂವಿನಂತೆ ಬಿಡಿಸುವುದನ್ನು ಅವರು ಕಲಿಸಿದರು. ಕೆಲಸವಿದ್ದರೂ ಅಪ್ಪ ಆ ದಿನ ಬೇಗ ಬರುತ್ತಿದ್ದರು. ಬಂದು ನನ್ನ ಪಕ್ಕ ಕೂತು, “ಶೀಲಾ, ಅವರಿಗೆ ಏನಾದ್ರೂ ಹೇಳೋದಿದೆಯಾ?” ಎಂದು ಕೇಳುತ್ತಿದ್ದರು. ಮಾತಾಡಲು ಪ್ರೋತ್ಸಾಹಿಸುತ್ತಿದ್ದಾರೆಂದು ನಾನು ತಿಳಿದಿದ್ದೆ. ಇಲ್ಲ ಎನ್ನುತ್ತಿದ್ದೆ. ಐದು ಸಲ ಕೇಳಿದರು, ಐದು ಸಲ ಇಲ್ಲ ಅಂದೆ. ವಸಂತದಲ್ಲಿ ಮೊರಿತಾ ಸಾನ್ ಮಗನ ಕಾರಿನಲ್ಲಿ ಹೊರಟರು. ಕಾರಿನ ಕಿಟಕಿಯಿಂದ ಅಪ್ಪನಿಗೆ ತಲೆಬಾಗಿದರು. ಗೂಡನ್ನು ಅಪ್ಪ ಬಾಡಿಗೆ ಗಾಡಿಯಲ್ಲಿ ಅವರ ದೇವಸ್ಥಾನಕ್ಕೆ ಮುಟ್ಟಿಸಿ ಬಂದರು.

ಈಗ ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ನಾನು ಮದುವೆಯಾಗಿ ಮತ್ತೆ ಈ ದೇಶಕ್ಕೇ ಬಂದೆ. ನನ್ನ ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ಭಾನುವಾರ ಇಲ್ಲಿಯ ಮಕ್ಕಳಿಗೆ ನಾನು ವೇದಪಾಠ ಹೇಳುತ್ತೇನೆ. ಕಳೆದ ತಿಂಗಳು ಮಹಾಪವಿತ್ರಸ್ಥಾನದ ಪಾಠ ಬಂತು. ಮೊಳದ ಲೆಕ್ಕ ಹೇಳಿದೆ, ಚಿನ್ನ, ತೆರೆ, ಕೃಪಾಸನ ಎಲ್ಲ ಹೇಳಿದೆ. ನನ್ನ ಮಗಳು ಹನ್ನಾಳಿಗೆ ಈಗ ಹತ್ತು ವರ್ಷ. ಕನ್ನಡ ತಿಳಿಯುತ್ತದೆ, ಉತ್ತರ ಬರುವುದು ಜಪಾನಿಯಲ್ಲಿ. ಒಳಗೆ ಹೋದವನು ಬೇರೆಯವರ ತಪ್ಪನ್ನೆಲ್ಲ ಹೇಳುತ್ತಾನಲ್ಲ, ತಪ್ಪು ಮಾಡಿದವರು ಆಗ ಹೊರಗೆ ಸುಮ್ಮನೆ ನಿಂತಿರುತ್ತಾರಾ, ಎಂದು ಕೇಳಿದಳು. ನನಗೆ ಪಾಠ ಮುಂದುವರಿಸಲಾಗಲಿಲ್ಲ. ಮಕ್ಕಳಿಗೆ ಬಣ್ಣ ಹಚ್ಚಲು ಕೊಟ್ಟೆ. ಮನೆಗೆ ಬಂದು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಫೋನನ್ನು ಮುಖಕ್ಕೆ ಬಹಳ ಹತ್ತಿರ ಹಿಡಿದು.

“ಅಪ್ಪ, ಮೊರಿತಾ ಸಾನ್‌ಗೆ ನೀವು ಬೇಡ ಅಂದಿರಲಿಲ್ಲ. ನಾನೇ ನಿಮ್ಮ ಹೆಸರು ಹೇಳಿ ಎರಡು ಸಲ ವಾಪಸ್ ಕಳಿಸಿದ್ದೆ. ನೀವು ಕ್ಷಮೆ ಕೇಳಿದ ದಿನವೂ ಹಾಗೇ ಹೇಳಿದೆ.”

“ಗೊತ್ತಮ್ಮ.”

“ಏನು ಗೊತ್ತು?”

“ದಾಮೆ ಅನ್ನೋ ಮಾತು ಗೊತ್ತಿಲ್ಲದೆ ಆ ಫ್ಯಾಕ್ಟ್ರೀಲಿ ಒಂದು ದಿನ ಬದುಕೋಕೆ ಆಗ್ತಿತ್ತಾ? ದಿನಕ್ಕೆ ಇಪ್ಪತ್ತು ಸಲ ನನಗೇ ಹೇಳ್ತಿದ್ರು. ಒತೋಸಾನ್ ಅಂದ್ರೆ ಯಾರು ಅಂತ ನಿನ್ನ ಸ್ಕೂಲಿನವರೇ ಕಲಿಸಿದ್ರು.” ಅಪ್ಪ ನಕ್ಕರು.

“ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ ನೀವು?”

“ಹತ್ತು ವರ್ಷದ ಮಗೂನ ಮುಂದೆ ತಳ್ಳಿ ನಾನು ಹಿಂದೆ ನಿಲ್ಲಲಾ? ನೀನೇ ಹೇಳ್ತೀಯ ಅಂತ ಕಾದೆ. ಆ ಅಜ್ಜಿ ಬಂದಾಗೆಲ್ಲ ಕೇಳ್ತಿದ್ನಲ್ಲ.”

ನನಗೆ ಅಳು ಬಂತು. “ಈಗ ಹೇಳ್ತಿದ್ದೀನಿ ಅಪ್ಪ. ಕ್ಷಮಿಸಿಬಿಡಿ.”

ಅಪ್ಪ ಫೋನನ್ನು ಸ್ವಲ್ಪ ದೂರ ಹಿಡಿದರು. ಆಗ ಅವರ ಪೂರ್ತಿ ಮುಖ ಕಂಡಿತು. ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ನನ್ನ ಹತ್ತಿರ ಕೇಳೋದು ಸುಲಭ ಕಣಮ್ಮ. ನಾನು ಮನೆ ಒಳಗೇ ಇದ್ದೋನು. ಬಾಗಿಲಲ್ಲಿ ನಿಂತಿದ್ದವರು ಅವರು.”

ಅಮ್ಮ ಒಳಗಿಂದ ಕಾಫಿಗೆ ಕರೆದಳು. ಅಪ್ಪ ಫೋನನ್ನು ಹಾಗೇ ಕುರ್ಚಿಯ ಮೇಲಿಟ್ಟು ಎದ್ದು ಹೋದರು. ಪರದೆಯ ಮೇಲೆ ಜಗಲಿಯ ಮಾಡು ಮಾತ್ರ ಕಾಣುತ್ತಿತ್ತು. ನಾನು ಕಾಲ್ ಮುಗಿಸಿದೆ. ಮೊರಿತಾ ಸಾನ್ ಆಗಲೇ ಎಂಬತ್ತರ ಹತ್ತಿರವಿದ್ದರು, ಇನ್ನು ಅವರನ್ನು ಎಲ್ಲಿ ಹುಡುಕಲಿ? ಅಡುಗೆಮನೆಯಲ್ಲಿ ನಿಂತು, ಅವರಿಗೆ ಹೇಳಬೇಕಾಗಿದ್ದನ್ನು ಜಪಾನಿಯಲ್ಲಿ ಬಾಯಿಬಿಟ್ಟು ಹೇಳಿದೆ. ದಾಮೆ ಅಂದವಳು ನಾನು. ಅಪ್ಪನಿಗೆ ಗೊತ್ತೇ ಇರಲಿಲ್ಲ. ದಯವಿಟ್ಟು ಒಳಗೆ ಬನ್ನಿ. ಮೂರು ಚಿಕ್ಕ ವಾಕ್ಯಗಳು. ಹತ್ತು ವರ್ಷದ ಹುಡುಗಿಗೆ ಬರುವಷ್ಟೇ ಜಪಾನಿ ಅದು.